ಗಾಳಿ ಬಂದರೆ ನಿಲ್ಲುವ ರೈಲು

ಕಿರಿಹಾತಾ ಇಸಾವೊಗೆ ಐವತ್ತೊಂಬತ್ತು. ಟೋಕಿಯೋದ ಉತ್ತರಕ್ಕೆ ಅಕಬಾನೆಯಲ್ಲಿ ಮನೆ, ಲಿಫ್ಟ್ ರಿಪೇರಿ ಕೆಲಸ. ವಾರದಲ್ಲಿ ಆರು ದಿನ ಕತ್ತಲ ಗುಂಡಿಗೆ ಇಳಿದು ಗ್ರೀಸ್ ಬಳಿಯುವ ಮನುಷ್ಯ ಏಳನೆಯ ದಿನ ಸಮುದ್ರದ ಮೇಲೆ ನಿಂತಿರುತ್ತಿದ್ದ. ಹಲಗೆಗೆ ಹಾಯಿ ಸಿಕ್ಕಿಸಿ, ಅದನ್ನು ಎರಡು ಕೈಯಲ್ಲಿ ಹಿಡಿದು ಗಾಳಿಯೊಂದಿಗೆ ಓಡುವ ವಿಂಡ್‌ಸರ್ಫಿಂಗ್ ಹುಚ್ಚು ಇಪ್ಪತ್ತಮೂರನೆಯ ವಯಸ್ಸಿಗೆ ಹತ್ತಿದ್ದು. ಆಗ ಊರಿಗೆ ಊರೇ ಅದಕ್ಕೆ ಮರುಳಾಗಿತ್ತು. ಉಳಿದವರಿಗೆ ಎರಡು ಬೇಸಿಗೆಯಲ್ಲಿ ಇಳಿಯಿತು, ಇವನಿಗೆ ಇಳಿಯಲಿಲ್ಲ.

ಹೆಂಡತಿ ಸುಮಿಯೊ ಹಲಗೆ ಹತ್ತಿದವಳಲ್ಲ. ಮೂವತ್ತು ವರ್ಷ ದಡದಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕೂತಳು. ನೀರಿನ ಬಣ್ಣ ನೋಡಿಯೇ "ಇನ್ನು ಇಪ್ಪತ್ತು ನಿಮಿಷಕ್ಕೆ ಗಾಳಿ ತಿರುಗುತ್ತೆ, ಬೇಗ ಬಂದ್ಬಿಡಿ" ಅನ್ನುತ್ತಿದ್ದಳು. ಅವಳ ಮಾತು ತಪ್ಪಿದ್ದು ಕಡಿಮೆ. ಅವನು ಕೇಳಿದ್ದೂ ಕಡಿಮೆ.

ಒಂದು ನವೆಂಬರ್ ಭಾನುವಾರ ಇಬ್ಬರೂ ಮಿಯುರಾ ಕಡಲತೀರದಿಂದ ವ್ಯಾನಿನಲ್ಲಿ ವಾಪಸು ಬರುತ್ತಿದ್ದರು. ಅವನ ಕಣ್ಣು ಎಳೆಯುತ್ತಿರುವುದು ಸುಮಿಯೊಗೆ ಕಂಡಿತು. "ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಮಲಗಿ ರೀ" ಅಂದಳು. ಸ್ವಲ್ಪ ದೂರ ಹೋದ ಮೇಲೆ ಇನ್ನೊಮ್ಮೆ ಅಂದಳು. "ಮುಂದೆ ಗಾಡಿ ನಿಲ್ಲಿಸೋ ಜಾಗ ಬರಲಿ" ಅಂದ ಅವನು. ಅದು ಬರುವ ಮೊದಲು ರಸ್ತೆ ಬದಿಯ ಕಬ್ಬಿಣದ ತಡೆ ಬಂತು. ಅವನ ಹಣೆಗೆ ಮೂರು ಹೊಲಿಗೆ ಬಿದ್ದವು. ಅವಳ ಎಡ ಸೊಂಟ ಪುಡಿಯಾಯಿತು. ಮೂರು ತಿಂಗಳು ಆಸ್ಪತ್ರೆ, ಆಮೇಲೆ ಊರುಗೋಲು. ಕೋಲು ಇನ್ನು ಬಿಡುವಂತಿಲ್ಲ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು.

ಪೊಲೀಸರಿಗೆ, ಡಾಕ್ಟರಿಗೆ, ಸುಮಿಯೊಳ ಅಕ್ಕನಿಗೆ ಇಸಾವೊ ಹೇಳಿದ್ದು ಒಂದೇ ಮಾತು: "ಒಂದು ಕ್ಷಣ ಕಣ್ಣು ಮುಚ್ಚಿ ಹೋಯ್ತು, ಗೊತ್ತೇ ಆಗಲಿಲ್ಲ." ಸುಮಿಯೊ ಮಂಚದಿಂದ ಕೇಳಿಸಿಕೊಂಡಳು, ಅಲ್ಲ ಅನ್ನಲಿಲ್ಲ. ತಾನು ಎರಡು ಸಲ ಹೇಳಿದ್ದನ್ನು ಅವಳು ಅಂದೂ ಎತ್ತಲಿಲ್ಲ, ಮನೆಗೆ ಬಂದ ಮೇಲೂ ಎತ್ತಲಿಲ್ಲ. ಬೈದಿದ್ದರೆ ಚಾಪೆಗೆ ಹಣೆ ಹಚ್ಚಿ ಕ್ಷಮೆ ಕೇಳಬಹುದಿತ್ತು. ಬೈಯದವಳ ಹತ್ತಿರ ಏನಂತ ಕೇಳುವುದು? ಇವತ್ತು ಬೈಯುತ್ತಾಳೆ, ನಾಳೆ ಬೈಯುತ್ತಾಳೆ ಎಂದು ಅವನು ಕಾದ. ಕಾದು ಕಾದು ಒಳಗೆಲ್ಲ ಮರಗಟ್ಟಿ ಹೋಯಿತು. ಉಂಡದ್ದರ ರುಚಿ ಗೊತ್ತಾಗುತ್ತಿರಲಿಲ್ಲ, ದುಃಖವೂ ಗೊತ್ತಾಗುತ್ತಿರಲಿಲ್ಲ. ಲೈಸೆನ್ಸನ್ನು ತಾನೇ ಹೋಗಿ ಠಾಣೆಯಲ್ಲಿ ಒಪ್ಪಿಸಿ ಬಂದ, ವ್ಯಾನು ಮಾರಿದ, ಸಮುದ್ರದ ಋಣ ತೀರಿತು ಅಂದುಕೊಂಡ.

ಏಪ್ರಿಲ್‌ನಲ್ಲಿ ಒಂದು ದಿನ ಕೆಲಸದಿಂದ ಬಂದು ನೋಡಿದರೆ ಸುಮಿಯೊ ಊಟದ ಮೇಜಿನ ಮೇಲೆ ರೈಲು ನಕ್ಷೆ ಹರಡಿಕೊಂಡು ಕೂತಿದ್ದಳು.

"ಭಾನುವಾರ ಇಡೀ ದಿನ ಗೋಡೆ ನೋಡ್ಕೊಂಡು ಕೂರ್ತೀರ. ನಂಗೆ ತಲೆ ಕೆಡುತ್ತೆ. ರೈಲಲ್ಲಿ ಹೋಗಿ ಸಮುದ್ರಕ್ಕೆ."

"ಹಾಯಿ ಕಂಬ ರೈಲಲ್ಲಿ ಹೆಂಗೆ ತಗೊಂಡು ಹೋಗ್ಲಿ? ಕಿಟಕಿಯಿಂದ ಆಚೆ ಚಾಚಲಾ?"

"ಕಂಬ ಯಾರು ಹೊರಿ ಅಂದ್ರು? ಬಾಡಿಗೆಗೆ ಕೊಡ್ತಾರೆ. ಫೋನ್ ಮಾಡಿ ಕೇಳಿದ್ದೀನಿ."

ಕೇಳಿದ್ದು ನಿಜ. ಸ್ಟೇಷನ್ನಿನಿಂದ ನಡೆದರೆ ಎಷ್ಟು ನಿಮಿಷ, ಭಾನುವಾರ ಬಸ್ಸುಂಟೋ, ಹಲಗೆ ಸಿಗುತ್ತದೋ, ಯಾವ ಗಾಳಿಗೆ ಆ ಜಾಗ ಒಳ್ಳೆಯದು, ಎಲ್ಲ ಗುಂಡಗೆ ಬರೆದಿಟ್ಟಿದ್ದಳು. ಜುಶಿ: ಹದಿನೈದು ನಿಮಿಷ ನಡಿಗೆ, ದಕ್ಷಿಣ ಗಾಳಿ, ಕಲಿಯುವವರ ಗದ್ದಲ. ಯೊಕೊಹಾಮಾದ ಉದ್ಯಾನದ ತೀರ: ರೈಲು ಬಾಗಿಲಿಗೇ ಬರುತ್ತದೆ, ಅಲೆ ಮಾತ್ರ ಇಲ್ಲ. ಚಿಬಾ ಕಡೆಯ ಕೆಮಿಗಾವಾ: ಕೊಲ್ಲಿ ಪಕ್ಕದ ರೈಲು, ಇಪ್ಪತ್ತು ನಿಮಿಷ ನಡಿಗೆ, ನೈಋತ್ಯ ಗಾಳಿಗೆ ಚಿನ್ನದಂಥ ಜಾಗ. ಮಿಯುರಾ ಎಂಬ ಹೆಸರು ಪಟ್ಟಿಯಲ್ಲೆಲ್ಲೂ ಇರಲಿಲ್ಲ. ಇಸಾವೊ ಅದನ್ನು ಗಮನಿಸಿದ.

ಮೊದಲ ಭಾನುವಾರ ಜುಶಿಗೆ ಹೋದ. ವಾಪಸು ಬರುವಾಗ ಒದ್ದೆ ರಬ್ಬರ್ ಸೂಟಿನ ಚೀಲ ಕಾಲ ಬಳಿ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಕೂತ ಅಜ್ಜಿ ಬಗ್ಗಿ ನೋಡಿ, "ಮೀನೇನಪ್ಪ?" ಅಂದಳು.

"ಅಲ್ಲಜ್ಜಿ, ಬಟ್ಟೆ."

"ಅಯ್ಯೋ, ಮೀನಾಗಿದ್ರೆ ರಾತ್ರಿ ಊಟಕ್ಕಾದ್ರೂ ಆಗ್ತಿತ್ತು."

ಸುತ್ತ ನಾಲ್ಕು ಜನ ನಕ್ಕರು. ತಾನೂ ನಗಬೇಕು ಎಂದು ಅವನಿಗೆ ತಿಳಿಯಿತು, ನಕ್ಕ. ಎರಡನೆಯ ವಾರ ಯೊಕೊಹಾಮಾ. ಮೂರನೆಯ ವಾರ ಕೆಮಿಗಾವಾದಲ್ಲಿ ಒಳ್ಳೆಯ ಗಾಳಿ. ಹಾಯಿ ಎತ್ತಿದ, ಹಲಗೆ ಓಡಿತು, ಕೈಕಾಲು ಮಾಡಬೇಕಾದ್ದನ್ನೆಲ್ಲ ಸರಿಯಾಗಿಯೇ ಮಾಡಿದವು. ಇವನಿಗೆ ಮಾತ್ರ ಏನೂ ಆಗಲಿಲ್ಲ. ಹಿಂದೆ ಹೀಗೆ ಓಡುವಾಗ ಗಂಟಲು ಬಿಟ್ಟು ಕೂಗುತ್ತಿದ್ದವನು ಈಗ ಯಾರದೋ ಕೈಗಳನ್ನು ನೋಡುತ್ತ ನಿಂತಿದ್ದ. ಇಪ್ಪತ್ತು ನಿಮಿಷಕ್ಕೆ ಹಲಗೆ ತಂದು ಅಂಗಡಿಗೆ ಒಪ್ಪಿಸಿದ.

ಅಂಗಡಿಯ ನುಮಾಜಿರಿ ಎಪ್ಪತ್ತರ ಹೆಂಗಸು, ಬಾಯಿ ಜೋರು. "ಏನ್ರೀ ಇದು? ಇಂಥ ಗಾಳಿ ಬಿಟ್ಟು ಬಂದ್ರಲ್ಲ, ಹೊಟ್ಟೆ ಕೆಟ್ಟಿದ್ಯಾ?"

"ಹೂಂ, ಹೊಟ್ಟೆ," ಅಂದ ಇಸಾವೊ.

ಮುಂದಿನ ಭಾನುವಾರದಿಂದ ಅವನು ಕೊಲ್ಲಿ ಪಕ್ಕದ ರೈಲಿನವರೆಗೂ ಹೋಗದೆ ಅರ್ಧ ದಾರಿಯಲ್ಲೇ ಇಳಿದ. ಎಡೊಗಾವಾ ನದಿ ದಡದ ಬೇಸ್‌ಬಾಲ್ ಮೈದಾನದ ಬೆಂಚಿನಲ್ಲಿ ಕೂತು ಸುಮಿಯೊ ಕಟ್ಟಿಕೊಟ್ಟ ಅನ್ನದುಂಡೆ ತಿನ್ನುವುದು, ಮುದುಕರ ಆಟ ನೋಡುವುದು, ಎರಡು ಗಂಟೆಗೆ ಮೈದಾನದ ನಲ್ಲಿಗೆ ಸೂಟನ್ನೂ ತಲೆಯನ್ನೂ ಒಡ್ಡುವುದು, ಕೆಮಿಗಾವಾದಲ್ಲಿ ಸೆಕೆಂಡಿಗೆ ಎಷ್ಟು ಮೀಟರ್ ಗಾಳಿ ಎಂದು ಫೋನಿನಲ್ಲಿ ನೋಡಿಕೊಂಡು ಮನೆಗೆ ಬರುವುದು. "ಇವತ್ತು ಏಳು ಮೀಟರ್, ಬಿಟ್ಟು ಬಿಟ್ಟು ಬೀಸ್ತಿತ್ತು" ಅನ್ನುವನು. "ಹೌದಾ" ಎಂದು ಸುಮಿಯೊ ಸೂಟು ತೆಗೆದುಕೊಂಡು ಹೋಗಿ ಬಾಲ್ಕನಿಯಲ್ಲಿ ಒಣಹಾಕುವಳು. ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕೂ ಅವನಿಗಿರಲಿಲ್ಲ. ಹೀಗೆ ಹನ್ನೊಂದು ತಿಂಗಳು ಕಳೆದವು.

ಮಾರ್ಚ್‌ನ ಒಂದು ಭಾನುವಾರ ಗಾಳಿಯೋ ಗಾಳಿ. ಮೈದಾನದಲ್ಲಿ ಆಟವೇ ನಡೆಯಲಿಲ್ಲ. ಮುದುಕರು ಹಾರಿದ ಟೋಪಿಗಳ ಹಿಂದೆ ಓಡಿ ಸುಸ್ತಾಗಿ ಮನೆಗೆ ಹೋದರು. ಫೋನು ಹದಿಮೂರು ಮೀಟರ್ ಎಂದಿತು. ಇಸಾವೊ ತಲೆ ಒದ್ದೆ ಮಾಡಿಕೊಂಡು ನಾಲ್ಕಕ್ಕೆ ಮನೆ ಸೇರಿದ.

"ಹೆಂಗಿತ್ತು?" ಅಂದಳು ಸುಮಿಯೊ.

"ಹದಿಮೂರು ಮೀಟರ್. ಚಿಕ್ಕ ಹಾಯಿ ಹಾಕಿದ್ರೂ ಹಿಡಿಯೋಕಾಗ್ಲಿಲ್ಲ, ಎರಡು ಸಲ ಬಿದ್ದೆ. ನುಮಾಜಿರಿಯವರು ನಿನ್ನ ಕೇಳಿದ್ರು."

"ರೈಲು ರಷ್ ಇತ್ತಾ?"

"ಇಲ್ಲ, ಖಾಲಿ. ಕೂತ್ಕೊಂಡೇ ಹೋದೆ."

ಸುಮಿಯೊ ಸೂಟು ಕೈಯಲ್ಲಿ ಹಿಡಿದು ನಿಂತಿದ್ದವಳು ನಗತೊಡಗಿದಳು. ನಕ್ಕು ನಕ್ಕು ಕೋಲು ಜಾರಿತು, ಮೇಜು ಹಿಡಿದುಕೊಂಡಳು.

"ಕೊಲ್ಲಿ ಪಕ್ಕದ ರೈಲು ಬೆಳಗ್ಗೆ ಎಂಟೂವರೆಗೇ ನಿಲ್ಲಿಸಿದ್ದಾರೆ ರೀ, ಗಾಳಿ ಜಾಸ್ತಿ ಅಂತ. ಟೀವೀಲಿ ಮೂರು ಸಲ ಬಂತು. ನೀವು ಮನೆ ಬಿಟ್ಟಿದ್ದು ಒಂಬತ್ತಕ್ಕೆ. ಹೆಂಗೆ ಹೋದ್ರಿ, ಇಲ್ಲಿಂದಲೇ ಹಾಯಿ ಕಟ್ಕೊಂಡ್ರಾ?"

ರೈಲು ನಂಬಿ ಸಮುದ್ರಕ್ಕೆ ಹೋಗುವವರೆಲ್ಲ ಮೊದಲ ವರ್ಷವೇ ಕಲಿಯುವ ಪಾಠ ಇದು. ಹಾಯಿಗೆ ಹಬ್ಬವಾಗುವ ಗಾಳಿ ಬಂದ ದಿನವೇ ಎತ್ತರದ ಹಳಿಯ ಮೇಲಿನ ಆ ರೈಲು ನಿಂತುಬಿಡುತ್ತದೆ. ಮೂವತ್ತು ವರ್ಷ ವ್ಯಾನಿನಲ್ಲಿ ಓಡಾಡಿದವನಿಗೆ, ಮೂರೇ ವಾರ ರೈಲು ಹತ್ತಿ ಬಿಟ್ಟವನಿಗೆ, ಇದು ಗೊತ್ತಿರಲಿಲ್ಲ.

"ಮೊದಲನೇ ತಿಂಗಳಿಂದ ಗೊತ್ತು ನಂಗೆ," ಅಂದಳು. ನಗು ನಿಂತಿತ್ತು. "ಈ ಸೂಟಲ್ಲಿ ಉಪ್ಪೇ ಇಲ್ಲ. ಮೂವತ್ತು ವರ್ಷ ತೊಳೆದೋಳಿಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಕಳಿಸ್ತಿದ್ದೆ?"

"ಬಯ್ಯೋಕೆ. ನೀವು ಬಾಗಿಲು ಹಾಕ್ಕೊಂಡು ಹೋದ್ಮೇಲೆ ಕೋಲು ಕುಟ್ಕೊಂಡು ಮನೆ ತುಂಬ ಓಡಾಡಿ ಬಯ್ತಿದ್ದೆ ನಿಮ್ಮನ್ನ. ಎದುರಿಗೆ ಆಗ್ತಿರಲಿಲ್ಲ. ಸತ್ತೋರ ಮುಖ ಹಾಕ್ಕೊಂಡು ಕೂತಿರ್ತೀರ, ಏನು ಬಯ್ಯೋದು? ಅಲ್ಲಿ ಹೋಗಿ ಖುಷಿಯಾಗಿ ಆಡ್ತಿದ್ದಾರೆ ಅಂತಾಗಿದ್ರೆ ಬಯ್ಯೋಕೂ ಚೆನ್ನಾಗಿರ್ತಿತ್ತು. ಅದಕ್ಕೂ ಕಲ್ಲು ಹಾಕಿದ್ರಿ."

ಇಸಾವೊ ಕೈಲಿದ್ದ ಖಾಲಿ ಚೀಲ ಕೆಳಗಿಟ್ಟ.

"ಎರಡು ಸಲ ಹೇಳಿದ್ದೆ," ಅಂದಳು ಸುಮಿಯೊ. "ಎರಡು ಸಲ. ನೀವು ಅಕ್ಕನ ಮುಂದೆ ಗೊತ್ತೇ ಆಗಲಿಲ್ಲ ಅಂದ್ರಿ."

"ಗೊತ್ತಿತ್ತು. ನಿದ್ದೆ ಬರ್ತಿರೋದೂ ಗೊತ್ತಿತ್ತು, ನೀನು ಹೇಳಿದ್ದೂ ಕೇಳಿಸಿತ್ತು."

ಅವನು ಮಂಡಿಯೂರಿ ಚಾಪೆಗೆ ಹಣೆ ಹಚ್ಚಿದ.

"ಏಳಿ ಮೇಲೆ. ಹಂಗೆ ಬಿದ್ಕೊಂಡ್ರೆ ನಂಗೆ ಬಯ್ಯೋಕಾಗಲ್ಲ. ಕೂತ್ಕೊಂಡು ಕೇಳಿ."

ಎದ್ದು ಕೂತ. ಅವಳು ಬೈದಳು. ಸೊಂಟಕ್ಕೆ ಬೈದಳು, ಹತ್ತಲಾಗದ ಮೆಟ್ಟಿಲಿಗೆ ಬೈದಳು, ನೆರೆಯವರ ಜೊತೆ ಬೀದಿಯ ಸಾರ್ವಜನಿಕ ಸ್ನಾನದ ಮನೆಗೆ ಹೋಗುವುದು ತಪ್ಪಿದ್ದಕ್ಕೆ, ತನ್ನ ಕಾಲಿಗೆ ತಾನೇ ಕಾಲುಚೀಲ ಹಾಕಿಕೊಳ್ಳಲಾಗದ್ದಕ್ಕೆ, ಕೇಳದ ಅವನ ಕಿವಿಗೆ ಬೈದಳು. ಒಂದೊಂದು ಮಾತೂ ಅವನಿಗೆ ನೋವಾಯಿತು. ಜೋಮು ಹಿಡಿದ ಕಾಲಿಗೆ ರಕ್ತ ಹರಿದಾಗ ಆಗುವಂಥ ನೋವು. ಅವನು ಅಳುತ್ತಿದ್ದ, ಒರೆಸಿಕೊಳ್ಳಲಿಲ್ಲ, ಅವಳೂ ನಿಲ್ಲಿಸಲಿಲ್ಲ. ಆರು ಗಂಟೆಯಾಗುವ ಹೊತ್ತಿಗೆ ಅವಳ ದನಿ ಒಡೆಯಿತು. ಅವನು ನೀರು ತಂದುಕೊಟ್ಟ. ಕುಡಿದು ಲೋಟ ವಾಪಸು ಕೊಟ್ಟಳು.

"ಮುಂದಿನ ಭಾನುವಾರ ಎಲ್ಲಿಗೂ ಹೋಗ್ಬೇಡಿ," ಅಂದಳು. "ಇನ್ನೂ ಮುಗಿದಿಲ್ಲ."