ಲಾಲಮ್ಮ ಮರಿಗಳಿಗೆ ಹಾಕಿದ ಕೊಸರು

ನನ್ನ ಅಕ್ಷರ ದುಂಡಗಿಲ್ಲ. ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು ನಾನು, ಮಾತುಗಳೂ ಅಲ್ಲಲ್ಲಿ ತಪ್ಪಿರಬಹುದು. ಓದುವವರು ಕ್ಷಮಿಸಬೇಕು. ಲಾಲಮ್ಮನ ವಿಷಯವನ್ನು ಮಾತ್ರ ಆಕೆಯನ್ನೇ ಮತ್ತೆ ಮತ್ತೆ ಕೇಳಿ, ಆದಷ್ಟು ಸರಿಯಾಗಿ ಬರೆದಿದ್ದೇನೆ.

ಸಗರದ ನಮ್ಮ ಓಣಿಯಲ್ಲಿ ಕುರಿಗೋ ಕರುವಿಗೋ ಔಷಧ ಕುಡಿಸಬೇಕಾದರೆ ಲಾಲಮ್ಮನನ್ನೇ ಕರೆಯುತ್ತಿದ್ದರು. ಕುರಿಯ ಬಾಯಿಯನ್ನು ಪಕ್ಕದಿಂದ ಬಿಡಿಸಿ, ಬಿದಿರಿನ ಗೊಟ್ಟವನ್ನು ನಾಲಿಗೆಯ ಮೇಲೆ ಜಾರಿಸಿ, ಒಂದು ಹನಿಯೂ ಚೆಲ್ಲದಂತೆ ಕುಡಿಸುವ ಕೈ ಆಕೆಯದು. ಆ ಸಣ್ಣ ಗೊಟ್ಟ ಆಕೆಯ ಅತ್ತೆಯ ಕಾಲದ್ದು. ಅದರ ಮೇಲೆ ಕೊರೆದ ಒಂದು ಗೆರೆಯೇ ಅಳತೆ. ಟಗರಿಗೂ ಗೆರೆಯವರೆಗೆ, ಮರಿಗೂ ಗೆರೆಯವರೆಗೆ. ಆಮೇಲೆ ಸ್ವಲ್ಪ ಕೊಸರು. ನಮ್ಮಲ್ಲಿ ಜೋಳ ಅಳೆದು ಕೊಟ್ಟರೂ ಸೇರಿನ ಮೇಲೆ ಒಂದು ಹಿಡಿ ಕೊಸರು ಹಾಕಲೇಬೇಕು. ಬರೀ ಅಳತೆ ಕೊಟ್ಟರೆ ಜಿಪುಣಿ ಎಂದು ಆಡಿಕೊಳ್ಳುತ್ತಾರೆ. ಔಷಧಕ್ಕೂ ಲಾಲಮ್ಮ ಹಾಗೆಯೇ ಮಾಡುತ್ತಿದ್ದಳು. ಅದರಿಂದ ಯಾವ ಕುರಿಗೂ ಏನೂ ಆಗಿರಲಿಲ್ಲ.

ಕಾಲುವೆಯ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ ಕುರಿಗಳಿಗೆ ಹೊಸ ಜಡ್ಡು ಹತ್ತಿತು. ಕೆಸರಿನ ಹುಲ್ಲು ಮೇಯ್ದ ಕುರಿಗಳ ಗದ್ದದ ಕೆಳಗೆ ನೀರು ತುಂಬಿ ಚೀಲದಂತೆ ಜೋತುಬೀಳುತ್ತಿತ್ತು. ಸತ್ತದ್ದನ್ನು ಕೊಯ್ದು ನೋಡಿದರೆ ಪಿತ್ತಕೋಶದ ಸುತ್ತ ಎಲೆಯಂಥ ಚಪ್ಪಟೆ ಹುಳಗಳು. ಹಳೆಯ ಜಂತಿನ ಔಷಧ ಅವಕ್ಕೆ ನಾಟಲಿಲ್ಲ.

ಪಕ್ಕದ ಮನೆಯ ಸುಂದ್ರಮ್ಮ ಗಂಡನಿಲ್ಲದವಳು, ಕುರಿಗಳನ್ನೇ ನೆಚ್ಚಿಕೊಂಡು ಬಾಳುತ್ತಿದ್ದವಳು. ಆಕೆ ಶಹಾಪುರದ ದನದ ದವಾಖಾನೆಗೆ ಹೋಗಿ ಹೊಸ ಔಷಧ ತಂದಳು. ತೂಕ ನೋಡಿ ಹಾಕಬೇಕೆಂದು ಡಾಕ್ಟರು ಹೇಳಿದ್ದನ್ನೂ ತಿಳಿಸಿದಳು. ಕುರಿಯ ತೂಕ ತನ್ನ ಕೈಗೇ ಗೊತ್ತೆಂದು ಲಾಲಮ್ಮ ನಕ್ಕಳು. ಎಲ್ಲಕ್ಕೂ ಗೆರೆಯವರೆಗೆ ಕುಡಿಸಿದಳು. ಮರಿಗಳು ಸೊರಗಿದ್ದವೆಂದು ಕನಿಕರಪಟ್ಟು ಅವಕ್ಕೆ ಕೊಸರನ್ನು ಹೆಚ್ಚಾಗಿಯೇ ಹಾಕಿದಳು.

ದೊಡ್ಡ ಕುರಿಗಳು ಚೇತರಿಸಿಕೊಂಡವು. ಮರಿಗಳು ಮಾತ್ರ ವಾರದೊಳಗೆ ಗೋಡೆಗೆ ಹಾಯತೊಡಗಿದವು. ಅವುಗಳ ಕಣ್ಣುಗಳು ತೆರೆದೇ ಇರುತ್ತಿದ್ದವು, ಹೊಳೆಯುತ್ತಲೂ ಇದ್ದವು. ಆದರೆ ಎದುರಿಗೆ ಕೈ ಬೀಸಿದರೆ ರೆಪ್ಪೆ ಅಲುಗುತ್ತಿರಲಿಲ್ಲ. ಲಾಲಮ್ಮ ಮಾತಾಡಿದರೆ ಸಾಕು, ಎಲ್ಲವೂ ಒಟ್ಟಿಗೆ ಮುಖ ಎತ್ತಿ ಆ ದನಿಯ ಕಡೆಗೆ ಬರುತ್ತಿದ್ದವು. ಆಕೆ ಅಂಗಳದಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟರು. ನೀರಿನ ಸದ್ದು ಹಿಡಿದು ಮರಿಗಳು ಒಂದರ ಹಿಂದೆ ಒಂದು ನಡೆದು ಕಾಲುವೆಗೆ ಇಳಿದವು. ಸುಂದ್ರಮ್ಮ ಓಡಿ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ.

ಲಾಲಮ್ಮ ಶಹಾಪುರಕ್ಕೆ ಹೋದಳು. ಕುರಿಯನ್ನು ಉಳಿಸಿದ ಔಷಧವೇ ಮರಿಯ ಕಣ್ಣನ್ನು ಹೇಗೆ ತಿಂದಿತೆಂದು ಡಾಕ್ಟರು ಅಮರಪ್ಪನವರನ್ನು ಕೇಳಿದಳು. ಅವರು ಬೈಯಲಿಲ್ಲ, ಕೂಡಿಸಿಕೊಂಡು ಹೇಳಿದರು.

"ಎಲ್ಲಾ ಔಷಧದಾಗೂ ಎರಡು ಅಳತಿ ಇರ್ತಾವಬೇ. ಒಂದು ಗುಣ ಮಾಡೂದು, ಒಂದು ಕೆಡಸೂದು. ನಿನ್ನ ಹಳೇ ಔಷಧದಾಗ ಅವೆರಡರ ನಡುವ ದೊಡ್ಡ ಕಾಲುವಿಯಷ್ಟು ಜಾಗಾ ಇತ್ತು. ನಿನ್ನ ಕೊಸರೆಲ್ಲಾ ಅದರಾಗ ಹಿಡೀತು. ಇದರಾಗ ಹೊಲದ ಬದುವಿನಷ್ಟ ಐತಿ."

ಎಷ್ಟು ಹಾಕಿದರೆ ಗುಣ, ಎಷ್ಟು ಹಾಕಿದರೆ ಕೇಡು ಎಂಬುದನ್ನು ಪಕ್ಕಪಕ್ಕ ಇಟ್ಟು ನೋಡಿಯೇ ಒಂದು ಔಷಧವನ್ನು ಎಷ್ಟು ನಂಬಬಹುದೆಂದು ತಿಳಿಯುತ್ತಾರಂತೆ. ಮರಿಯ ತೂಕ ದೊಡ್ಡ ಕುರಿಯ ಕಾಲು ಭಾಗ. ಅದಕ್ಕೂ ಗೆರೆಯವರೆಗೆ ಕುಡಿಸಿದಾಗಲೇ ಲಾಲಮ್ಮ ಬದುವಿನ ಅಂಚಿಗೆ ಬಂದು ನಿಂತಿದ್ದಳು. ಕೊಸರು ಆಚೆಗೆ ದಾಟಿಸಿತು.

ಆ ದಿನದಿಂದ ಆಕೆ ಗೊಟ್ಟ ಮುಟ್ಟಲಿಲ್ಲ. ಕಾಲುವೆ ತುಂಬಿ ಹರಿಯುವಾಗ ನೀರಿನೊಳಗಿಂದ ಮರಿಗಳು ಕೂಗಿದಂತೆ ಕೇಳುತ್ತಿತ್ತು. ಕಾಲುವೆ ಬತ್ತಿದಾಗ ಸಣ್ಣ ಗೊರಸುಗಳು ಗೋಡೆ ತಡವುತ್ತ ಬರುವ ಸದ್ದು. ಮೊಮ್ಮಕ್ಕಳನ್ನು ಕೂಡ ಆಕೆ ಪಿಸುದನಿಯಲ್ಲೇ ಕರೆಯುತ್ತಿದ್ದಳು. ಗಟ್ಟಿಯಾಗಿ ಕರೆದರೆ ಬೇರೆ ಯಾವುದೋ ಮುಖ ಎತ್ತಿ ಬಂದೀತೆಂಬ ಅಂಜಿಕೆ.

ಮರುವರ್ಷ ಸುಂದ್ರಮ್ಮನ ಹೊಸ ಕುರಿಮರಿಗಳ ಗದ್ದವೂ ಊದಿಕೊಂಡಿತು. ಇವೂ ಹೋದರೆ ಆಕೆಗೆ ಕೂಲಿಯೇ ಗತಿ. ಅದೇ ಔಷಧದ ಸೀಸೆ ತಂದು ಲಾಲಮ್ಮನ ಹೊಸ್ತಿಲ ಮೇಲೆ ಇಟ್ಟು ಕೂತಳು.

"ನಾ ಒಲ್ಲೆ ಯಕ್ಕ. ಬ್ಯಾರೆ ಯಾರನ್ನರ ಕರಿ," ಎಂದಳು ಲಾಲಮ್ಮ.

"ಬ್ಯಾರೆಯವರೂ ಕೊಸರು ಹಾಕೋರ. ಅದು ಏನ್ ಮಾಡತೈತಿ ಅಂತ ಕಂಡಾಕಿ ನೀ ಒಬ್ಬಾಕಿನ. ಏಳು, ನಿನ್ನ ಮಾರಿ ನೋಡಾಕ ಬಂದಿಲ್ಲ ನಾ."

ಲಾಲಮ್ಮ ಎದ್ದಳು. ದವಾಖಾನೆಗೆ ಹೋಗಿ ಗೆರೆಗಳಿದ್ದ ಪ್ಲಾಸ್ಟಿಕ್ ನಳಿಗೆ ತಂದಳು, ಎಷ್ಟು ಕಿಲೋಗೆ ಎಷ್ಟು ಗೆರೆ ಎಂದು ಬಾಯಿಪಾಠ ಮಾಡಿಕೊಂಡಳು. ಪಂಪಣ್ಣನ ಅಂಗಡಿಯ ಹತ್ತಿ ತೂಗುವ ತಕ್ಕಡಿಯಲ್ಲಿ ಮರಿಗಳನ್ನು ಒಂದೊಂದಾಗಿ ತೂಗಿದರು. ಕೊಸರಾಡುವ ಮರಿಗಳನ್ನು ಸುಂದ್ರಮ್ಮ ಬೈಯುತ್ತಲೇ ಹಿಡಿದಿದ್ದಳು.

"ಮರಿಗಿಂತ ನಿನ್ನ ಬೈಗಳ ತೂಕ ಜಾಸ್ತಿ ಐತಿ ತಂಗಿ. ಅದನ್ನ ಕಳದು ಹಿಡೀರಿ," ಎಂದ ಪಂಪಣ್ಣ.

ಲಾಲಮ್ಮ ನಗಲಿಲ್ಲ. ಪ್ರತಿ ಮರಿಗೂ ನಳಿಗೆಯನ್ನು ಬೆಳಕಿಗೆ ಹಿಡಿದು, ಗೆರೆಗೆ ಕಣ್ಣು ಸಮ ಮಾಡಿ ನೋಡಿ ಕುಡಿಸಿದಳು. ತೀರ ಬಡಕಲು ಮರಿಯೊಂದು ಕುಡಿದು ಬಾಯಿ ಚಪ್ಪರಿಸಿದಾಗ ಆಕೆಯ ಕೈ ತಾನಾಗಿಯೇ ಸೀಸೆಯ ಕಡೆಗೆ ಹೋಯಿತು. ಆಕೆ ಆ ಕೈಯನ್ನೇ ನೋಡುತ್ತ ಕೂತಳು. ಆಮೇಲೆ ಸೀಸೆಗೆ ಮುಚ್ಚಳ ಹಾಕಿದಳು.

ಆ ವಾರವೆಲ್ಲ ದಿನಾ ಬೆಳಿಗ್ಗೆ ದೊಡ್ಡಿಗೆ ಹೋಗಿ ಒಂದೊಂದು ಮರಿಯ ಮುಂದೆ ಕೈ ಬೀಸಿ ನೋಡುತ್ತಿದ್ದಳು. ಮರಿಗಳು ರೆಪ್ಪೆ ಬಡಿದು ಹಿಂದೆ ಸರಿಯುತ್ತಿದ್ದವು. ಮರುದಿನ ಆಕೆಗೆ ಮತ್ತೆ ನಂಬಿಕೆ ಬರುತ್ತಿರಲಿಲ್ಲ, ಮತ್ತೆ ಹೋಗುತ್ತಿದ್ದಳು. ವಾರ ಕಳೆದರೂ ಹೋದಳು. ಗದ್ದದ ಬಾವು ಇಳಿದು ಮರಿಗಳು ಮೇಯಲು ಹೊರಟಾಗ ಸುಂದ್ರಮ್ಮ, ಇನ್ನು ಸಾಕು ಬಿಡು, ಮರಿಗಳು ನಿನ್ನ ಕೈ ಕಂಡರೇ ಓಡುತ್ತವೆ ಎಂದಳಂತೆ. ಓಡಲಿ ಎಂದಳಂತೆ ಲಾಲಮ್ಮ.

ಇಷ್ಟು ಬರೆದಿದ್ದೇನೆ. ಇವತ್ತು ಸಂಜೆ ಇದನ್ನು ಲಾಲಮ್ಮನಿಗೆ ಓದಿ ಹೇಳುತ್ತೇನೆ. ಆಕೆ ತಪ್ಪೆಂದ ಕಡೆ ತಿದ್ದಿ, ಮತ್ತೊಮ್ಮೆ ಪೂರ್ತಿ ಬರೆಯುತ್ತೇನೆ.