ಭಾಲ್ಕಿಯಲ್ಲಿ ಬೀಸಿದ ಬಿಸಿಗಾಳಿ

ಬೀದರಿನ ಕೊಳಾರದಿಂದ ನಾವು ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಅಣ್ಣ ಧನರಾಜನ ಪಿಕಪ್ಪಿನಲ್ಲಿ ಕಬ್ಬಿಣದ ಅಲಮಾರಿಗಳನ್ನು ನಿಲ್ಲಿಸಿ ಹಗ್ಗ ಬಿಗಿದಿದ್ದೆವು. ಅರ್ಧ ಭಾಲ್ಕಿಯ ಅಂಗಡಿಗೆ, ಉಳಿದರ್ಧ ಔರಾದಿನ ಅಂಗಡಿಗೆ. ಭಾಲ್ಕಿ ಸುಮಾರು ನಲವತ್ತು ಕಿಲೋಮೀಟರ್. ಅಲ್ಲಿಂದ ಮಾಂಜ್ರಾ ನದಿ ದಾಟಿ ಔರಾದಿಗೂ ಹೆಚ್ಚುಕಡಿಮೆ ಅಷ್ಟೇ. ಬರುವಾಗ ಸಂತಪುರದ ಮೇಲೆ ನೇರ ಬೀದರ್. ಹಗಲಲ್ಲೇ ಮುಗಿದುಹೋಗುವ ಪ್ರಯಾಣ.

ನಾನು ಮದುವೆ ಮನೆಗಳಿಗೆ ದೀಪದ ಸರ ಕಟ್ಟುವವನು. ಏಳನೆಯ ತರಗತಿಗೆ ಶಾಲೆ ಸಾಕು ಎನಿಸಿತು, ತಂತಿ ಸಾಕೆನಿಸಲಿಲ್ಲ. ಅಣ್ಣನ ಗಾಡಿ ವರ್ಷವಿಡೀ ಕುದಿಯುತ್ತಿತ್ತು. ಇಂಜಿನ್ನಿನ ಜೊತೆಗೇ ತಿರುಗುವ ಅದರ ಹಳೆಯ ಫ್ಯಾನು ಸೋತುಹೋಗಿತ್ತು. ಅದನ್ನು ತೆಗೆದು, ಗುಜರಿಗೆ ಬಂದ ಕಾರೊಂದರ ಎರಡು ಕರೆಂಟ್ ಫ್ಯಾನುಗಳನ್ನು ರೇಡಿಯೇಟರಿನ ಹಿಂದೆ ಕೂರಿಸಿ, ಬ್ಯಾಟರಿಯಿಂದ ತಂತಿ ಎಳೆದವನು ನಾನೇ. ಓಣಿಯವರೆಲ್ಲ ಸೇರಿದ್ದರು. "ಮಿಸ್ತ್ರಿ ಯಾಕ ಬೇಕು, ನಮ್ಮ ತಮ್ಮ ಅದಾನ" ಎಂದು ಅಣ್ಣ ಎಲ್ಲರಿಗೂ ಕೇಳುವಂತೆ ಹೇಳಿದ್ದ. ಕೀಲಿ ತಿರುಗಿಸಿದಾಗ ಎರಡೂ ಫ್ಯಾನು ಗುಂಯ್ ಎಂದವು. ಜನ ಚಪ್ಪಾಳೆ ಹೊಡೆದರು.

ಆಗ ಅಣ್ಣ ಒಂದೇ ಪ್ರಶ್ನೆ ಕೇಳಿದ. "ಗಾಳಿ ಮುಂದಿನಿಂದ ಒಳಗ ಎಳೀಲಾಕತ್ತದೇನ್? ನೋಡಿದ್ಯಾ?"

"ನೋಡೀನಿ" ಎಂದೆ.

ನಾನು ನೋಡಿರಲಿಲ್ಲ. ಚಪ್ಪಾಳೆಯ ಕಡೆಗೆ ನೋಡುತ್ತಿದ್ದೆ.

ಹೊರಡುವ ಬೆಳಿಗ್ಗೆ ಅಣ್ಣನ ಹೆಂಡತಿ, ನಮ್ಮ ವೈನಿ, ಗಾಡಿಯ ಮುಂದಿನ ಜಾಲರಿಗೆ ಚೆಂಡು ಹೂವಿನ ಮಾಲೆ ಕಟ್ಟಿ, "ಹೊಸಾ ಫ್ಯಾನ್ ಹಾಕೀರಿ, ಒಂದು ಮಾಲಿ ಆದ್ರೂ ಬ್ಯಾಡೇನ್?" ಎಂದಳು. ಅಣ್ಣ ಸ್ಟೇರಿಂಗ್ ಹಿಡಿದು ಅವಳಿಗೆ ಹೇಳಿದ್ದು ಇದು: "ಇವತ್ತು ಔರಾದಿನ ತನಕ ಕುದೀದೇ ಹೋದ್ರ ಗಾಡಿ ನಮ್ದು. ಕುದೀತು ಅಂದ್ರ ಅಲ್ಲೇ ಶಿವರಾಜಪ್ಪನೋರಿಗಿ ಕೊಟ್ಟು ಬಸ್ಸಿನಾಗ ಬರ್ತೇನಿ. ಕೊಳಾರದಾಗ ಗೋದಾಮಿನ ಕೆಲಸ ಅದ, ಮಾಡ್ತೇನಿ." ಶಿವರಾಜಪ್ಪನವರು ಔರಾದಿನ ಧಾನ್ಯದ ವ್ಯಾಪಾರಿ, ಬಹಳ ದಿನಗಳಿಂದ ಈ ಗಾಡಿಯ ಮೇಲೆ ಕಣ್ಣಿಟ್ಟವರು. ವೈನಿ ನಗಲಿಲ್ಲ. ಬೇರೆಯವರ ಕೈಕೆಳಗೆ ದುಡಿಯಲಾರೆನೆಂದೇ ಅಣ್ಣ ಗಾಡಿ ಕೊಂಡಿದ್ದನೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಊರೊಳಗೆ ಗಾಡಿ ತಣ್ಣಗೇ ಹೋಯಿತು. ಅಣ್ಣ ಹಾಡು ಗುನುಗಿದ. ಊರು ದಾಟಿದ ಮೇಲೆ ಕೆಂಪು ನೆಲ ಇಳಿದು ಕಪ್ಪು ಹೊಲಗಳು ಬಂದವು. ಎರಡೂ ಬದಿಗೆ ತೊಗರಿ ಹೂ ಬಿಟ್ಟಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆಯ ತುಂಬ ತೂಗಾಡುತ್ತ ಹೋಗುತ್ತಿದ್ದವು. ಒಂದನ್ನು ಹಿಂದೆ ಹಾಕಿ ಅಣ್ಣ ವೇಗ ಹೆಚ್ಚಿಸಿದ್ದೇ, ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಏಳತೊಡಗಿತು. ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಬುದ್ಧ ಮಾತ್ರ ಮುಗುಳ್ನಗುತ್ತಲೇ ಇದ್ದ.

"ನಿಂದ್ರಸು" ಎಂದೆ. ನಿಲ್ಲಿಸಿದೆವು. ಇಂಜಿನ್ ಚಾಲೂ ಇತ್ತು, ಮುಳ್ಳು ತಾನಾಗಿ ಇಳಿಯಿತು. ಹೊರಟೆವು, ಏರಿತು.

"ನಿಂತ್ರ ತಂಪು, ಓಡಿದ್ರ ಬಿಸಿ" ಎಂದು ಅಣ್ಣ ತಲೆ ಕೆರೆದುಕೊಂಡ. "ಎಲ್ಲಾರ ಗಾಡಿ ಟ್ರಾಫಿಕ್‌ನಾಗ ಕುದೀತಾವ. ನಮ್ದು ಹೊಲದ ಗಾಳಿಗಿ ಕುದೀತದ. ಇದಕ್ಕ ಊರಿನ ಚಟ ಹತ್ತ್ಯದ ನೋಡು."

ನಾನೂ ನಕ್ಕೆ. ಹೀಗೆ ನಿಂತು ನಡೆದು ಭಾಲ್ಕಿ ಮುಟ್ಟಿದೆವು. ಅಲಮಾರಿಗಳನ್ನು ಇಳಿಸಿಕೊಟ್ಟು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಮುಂದೆ ನಿಂತೆವು. ಬಿಸಿ ಇಳಿಯಲೆಂದು ಇಂಜಿನ್ ಚಾಲೂ ಬಿಟ್ಟೆವು. ಮಂಡಕ್ಕಿಯ ಸುಸಲಾ, ಮೆಣಸಿನಕಾಯಿ ಭಜಿ, ಆಮೇಲೆ ಚಹಾ. ಭಜಿಯ ಖಾರಕ್ಕೆ ಅಣ್ಣನ ಕಣ್ಣಲ್ಲಿ ನೀರು ಬಂತು. "ನೋಡ್ಲೇ, ನನ್ನ ರೇಡಿಯೇಟರೂ ಸೋರ್ಲಾಕತ್ತದ" ಎಂದ. ಅಣ್ಣ ಕೈ ತೊಳೆಯಲು ಒಳಗೆ ಹೋದಾಗ, ಕಂಬಳಿ ಹೊದ್ದ ಮುದುಕರೊಬ್ಬರು ನಮ್ಮ ಗಾಡಿಯ ಮುಂದೆ ನಿಂತು ಎರಡೂ ಅಂಗೈ ಚಾಚಿರುವುದು ಕಂಡಿತು. ಬೆಂಕಿ ಕಾಯಿಸಿಕೊಳ್ಳುವಂತೆ ಕೈ ತಿರುವಿ ತಿರುವಿ ಹಿಡಿಯುತ್ತಿದ್ದರು.

"ಏನ್ರಿ ಕಾಕಾ?"

"ನಿಮ್ಮ ಗಾಡಿ ಛಲೋ ಅದ್ರಿ" ಎಂದರು. "ಮುಂದಿನಿಂದ ಬೆಚ್ಚನ್ ಗಾಳಿ ಬಿಡ್ತದ. ದಿನಾ ಇಲ್ಲೇ ನಿಂದ್ರಸ್ರಿ, ಪುಣ್ಯ ಬರ್ತದ."

ವೈನಿ ಕಟ್ಟಿದ ಮಾಲೆ ಅವರ ಕಡೆಗೆ ಹಾರುತ್ತಿತ್ತು. ಜಾಲರಿಗೆ ಅಂಟಿಕೊಳ್ಳಬೇಕಾದ ಹೂಗಳು ಹೊರಕ್ಕೆ ಎದ್ದು ಕುಣಿಯುತ್ತಿದ್ದವು.

ಆ ಕ್ಷಣಕ್ಕೆ ಎಲ್ಲ ತಿಳಿಯಿತು. ಮದುವೆ ಮನೆಯ ದೀಪಕ್ಕೆ ಎರಡು ತಂತಿಯನ್ನು ಹೇಗೆ ಕೊಟ್ಟರೂ ಹತ್ತುತ್ತದೆ. ಟೇಬಲ್ ಫ್ಯಾನಿನ ಪ್ಲಗ್ಗನ್ನು ತಿರುವಿ ಚುಚ್ಚಿದರೂ ಗಾಳಿ ಮುಂದಕ್ಕೇ ಬರುತ್ತದೆ. ಇಷ್ಟು ವರ್ಷ ಅದೇ ಕೆಲಸ ಮಾಡಿದ ಕೈಗೆ, ಯಾವ ತಂತಿ ಯಾವ ಕಡೆ ಎಂದು ಕೇಳುವ ರೂಢಿಯೇ ಇರಲಿಲ್ಲ. ಬ್ಯಾಟರಿಯ ಫ್ಯಾನು ಹಾಗಲ್ಲ. ತಂತಿ ಅದಲುಬದಲಾದರೆ ಅದು ಉಲ್ಟಾ ತಿರುಗುತ್ತದೆ. ನಿಂತಾಗ ಹೇಗೋ ಒಂದಿಷ್ಟು ಗಾಳಿ ಆಡಿಸಿ ತಂಪು ಮಾಡುತ್ತದೆ. ಓಡುವಾಗ ಎದುರಿನ ಗಾಳಿ ಒಳಕ್ಕೆ ನುಗ್ಗುತ್ತದೆ, ಫ್ಯಾನು ಹೊರಕ್ಕೆ ತಳ್ಳುತ್ತದೆ. ಎರಡೂ ಕುಸ್ತಿಗೆ ಬಿದ್ದು ರೇಡಿಯೇಟರಿಗೆ ಯಾವ ಗಾಳಿಯೂ ದಕ್ಕುವುದಿಲ್ಲ.

ಅಣ್ಣ ಕೈ ಒರೆಸಿಕೊಳ್ಳುತ್ತ ಬಂದ. ಫೋನಿನಲ್ಲಿ ಶಿವರಾಜಪ್ಪನವರಿಗೆ, "ಮಧ್ಯಾಹ್ನ ಬರ್ತೇನ್ರಿ, ಗಾಡಿ ನೋಡ್ಕೊಳ್ರಿ" ಎನ್ನುತ್ತಿದ್ದ. ಹೇಳಲು ಬಾಯಿ ತೆರೆದೆ. "ನೋಡೀನಿ" ಎಂದದ್ದು ನೆನಪಾಗಿ ಬಾಯಿ ಮುಚ್ಚಿತು. ಔರಾದಿನಲ್ಲಿ ಅಣ್ಣ ಸಾಮಾನು ಇಳಿಸುವಾಗ ಸದ್ದಿಲ್ಲದೆ ತಂತಿ ಬದಲಿಸಿಬಿಟ್ಟರೆ ಯಾರಿಗೂ ತಿಳಿಯದು ಎಂದು ಲೆಕ್ಕ ಹಾಕಿದೆ. ಸ್ಕ್ರೂಡ್ರೈವರನ್ನು ಅಂಗಿಯ ಜೇಬಿಗೆ ಇಳಿಸಿದೆ.

ಭಾಲ್ಕಿಯಿಂದ ಔರಾದಿನ ದಾರಿ ಚೆಂದದ ದಾರಿ. ಬಿಸಿಲು ಹಿತವಾಗಿತ್ತು. ಮಾಂಜ್ರಾ ಸೇತುವೆಯ ಬಳಿ ಎಮ್ಮೆಗಳು ನೀರಿಗಿಳಿದಿದ್ದವು. ಅಲ್ಲಿ ಮತ್ತೆ ನಿಲ್ಲಿಸಿದೆವು. ಅಣ್ಣ ಕ್ಯಾನ್ ಹಿಡಿದು ನೀರಿಗೆ ಹೋದದ್ದೇ, ನಾನು ಬಾನೆಟ್ ಎತ್ತಿ ತಂತಿಗೆ ಕೈ ಹಾಕಿದೆ. ಬಿಸಿಯಾಗಿದ್ದ ಕಬ್ಬಿಣ ಮುಂಗೈಗೆ ತಾಗಿ ಬೊಬ್ಬೆ ಎದ್ದಿತು. ಅಷ್ಟರಲ್ಲಿ ಅಣ್ಣ ಬಂದುಬಿಟ್ಟ.

"ಏನ್ ಮಾಡ್ಲಾಕತ್ತೀ?"

"ಏನಿಲ್ಲ, ಸುಮ್ಮ ನೋಡ್ಲಾಕತ್ತೀನಿ."

"ಬಿಡು ತಮ್ಮಾ. ನಿನ್ನ ಕೈಲಿ ಆಗೋದು ನೀ ಮಾಡೀದಿ" ಎಂದು ಅಣ್ಣ ಆ ತಣ್ಣೀರನ್ನು ನನ್ನ ಬೊಬ್ಬೆಯ ಮೇಲೆಯೇ ಮೊದಲು ಸುರಿದ. ಆಮೇಲೆ ದಾರಿಯುದ್ದಕ್ಕೂ ಇಂಜಿನ್ನಿಗೆ ಬೈದ. ಅದರ ಅಪ್ಪನಿಗೆ ಬೈದ, ಅಜ್ಜನಿಗೂ ಬೈದ. ಒಂದೊಂದು ಬೈಗುಳಕ್ಕೂ ನಾನು "ಹೂಂ" ಎನ್ನುತ್ತ ಕೂತೆ.

ಔರಾದಿಗೆ ರೈಲಿಲ್ಲ. ಬರುವವರು, ಹೋಗುವವರು, ಅವರ ಗಂಟುಮೂಟೆ ಎಲ್ಲವೂ ಬಸ್ಸಿಗೇ ಕಾಯುತ್ತವೆ. ಮರಾಠಿ, ತೆಲುಗು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಬಳಸಿ ಕಡಲೆಕಾಯಿ ಮಾರುವವರನ್ನು ಅಲ್ಲಿ ನೋಡಿದೆ. ಅಲಮಾರಿ ಅಂಗಡಿಯ ಎದುರಿಗೇ ಶಿವರಾಜಪ್ಪನವರು ಕಾದಿದ್ದರು. ಹಣೆಗೆ ವಿಭೂತಿ, ಕೈಯಲ್ಲಿ ಛತ್ರಿ, ಮುಖದ ತುಂಬ ನಗು. ನನ್ನ ಉಪಾಯಕ್ಕೆ ಜಾಗವೇ ಸಿಗಲಿಲ್ಲ.

ಅವರು ಗಾಡಿಯನ್ನು ಒಂದು ಸುತ್ತು ಹಾಕಿ, "ಐಬು ಏನದ, ಹೇಳ್ಬಿಡು ಧನರಾಜ" ಎಂದರು.

"ಓಡಿದ್ರ ಕುದೀತದ್ರಿ" ಎಂದ ಅಣ್ಣ.

"ಫ್ಯಾನ್ ಕೆಟ್ಟಿರ್ಬೇಕು."

"ಫ್ಯಾನಿಂದು ಅಲ್ರಿ. ಅದು ನಮ್ಮ ತಮ್ಮ ಹಾಕ್ಯಾನ. ಅದರಾಗ ತಪ್ಪು ಇರಂಗಿಲ್ಲ. ಇಂಜಿನ್ನೇ ಹೋಗ್ಯದ."

ಅಣ್ಣ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲಾಗಲಿಲ್ಲ. "ಅಣ್ಣಾ, ಇಂಜಿನ್ ಛಲೋ ಅದ" ಎಂದೆ. "ಫ್ಯಾನ್ ಉಲ್ಟಾ ತಿರುಗ್ಲಾಕತ್ತಾವ. ತಂತಿ ನಾ ತಪ್ಪು ಕೊಟ್ಟೀನಿ. ನೋಡೀನಿ ಅಂದೆನಲ್ಲ, ನೋಡಿದ್ದಿಲ್ಲ."

ಅಣ್ಣ ನನ್ನ ಮುಖ ನೋಡಿದ. "ಯಾವಾಗ ಗೊತ್ತಾತು?"

"ಭಾಲ್ಕಿದಾಗ."

"ತಂತಿ ತಪ್ಪೋದು ಬ್ಯಾರೆ ಮಾತು" ಎಂದ. ದನಿ ಏರಿಸಲಿಲ್ಲ. "ಭಾಲ್ಕಿದಿಂದ ಇಲ್ಲಿತನ ನಾ ಇಂಜಿನ್‌ಗಿ ಬೈಕೋತ ಬಂದೆ. ನೀ ಬಾಜೂಕ ಕುಂತು ಹೂಂ, ಹೂಂ ಅಂದಿ."

ಜೇಬಿನ ಸ್ಕ್ರೂಡ್ರೈವರ್ ತೆಗೆದು ಬಾನೆಟ್ ಎತ್ತಿದೆ. ಬ್ಯಾಟರಿಯ ತಂತಿ ಬಿಚ್ಚಿ, ಎರಡೂ ಫ್ಯಾನುಗಳ ತಂತಿಗಳನ್ನು ಅದಲುಬದಲು ಮಾಡಿದೆ. ಅಣ್ಣ ಜಾಲರಿಯ ಮುಂದೆ ಕರವಸ್ತ್ರ ಹಿಡಿದು ನಿಂತ. ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದೆ. ಎತ್ತಿದ ಬಾನೆಟ್ಟಿನ ಹಿಂದೆ ಕೂತ ನನಗೆ ಏನೂ ಕಾಣಲಿಲ್ಲ. ಫ್ಯಾನಿನ ಸದ್ದು ಬಂತು, ಅದರ ಹಿಂದೆಯೇ ಶಿವರಾಜಪ್ಪನವರ ದೊಡ್ಡ ನಗು.

"ಕರವಸ್ತ್ರ ಹೆಂಗ ಅಂಟ್ಕೊಂಡದ ನೋಡ್ರಿ! ಏ ತಮ್ಮಾ, ಇನ್ನೊಂದು ತಾಸು ಸುಮ್ಮ ಇದ್ದಿದ್ರ ಗಾಡಿ ನಂಗ ಸಸ್ತಾದಾಗ ಬರ್ತಿತ್ತಲ್ಲೋ! ನಿಂಗ ಚಹಾ ಕುಡಿಸೂದು ಯಾಂವ?"

ಹೀಗೆಂದು ಚಹಾ ಕುಡಿಸಿದವರು ಅವರೇ.

ವಾಪಸು ದಾರಿಯಲ್ಲಿ ಸಂತಪುರ ದಾಟುವ ತನಕ ಅಣ್ಣ ಮಾತಾಡಲಿಲ್ಲ. ಮುಳ್ಳು ನಡುವಿನಲ್ಲೇ ನಿಂತಿತ್ತು. ಏರಿನಲ್ಲಿ ಬೇಕೆಂದೇ ಗಾಡಿ ಓಡಿಸಿದ, ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ನಿಧಾನವಾಗಿ ಬೆಳಗಿನ ಹಾಡು ಶುರುವಾಯಿತು. ಮೊದಲು ಗುನುಗು, ಆಮೇಲೆ ಗಟ್ಟಿ ದನಿ. ಆ ದನಿಗಿಂತ ಮೌನವೇ ಇಂಪಾಗಿತ್ತು ಎಂದೆ. "ನೀ ಸುಮ್ಮ ಕುಂಡ್ರು, ಹೂಂ ಅನ್ನು. ಅದು ನಿಂಗ ಛಲೋ ಬರ್ತದ" ಎಂದ.

ಇಳಿಬಿಸಿಲಿಗೆ ಮನೆ ಮುಟ್ಟಿದೆವು. ಗಾಡಿಯ ಸದ್ದು ಕೇಳಿ ವೈನಿ ಓಡಿಬಂದಳು. ಬಸ್ಸಿನಲ್ಲಿ ಬರಲಿಲ್ಲವೆಂಬುದೇ ಅವಳಿಗೆ ಉತ್ತರವಾಗಿತ್ತು. ನಾನು ಇಳಿದು ಹೊರಡುವಾಗ ಅಣ್ಣ ಇಂಜಿನ್ ಬಂದ್ ಮಾಡದೆ ಕರೆದ.

"ಮುಂದ ಹೋಗಿ ನೋಡು."

"ಔರಾದಿನಾಗ ನೋಡಿದೆವಲ್ಲ ಅಣ್ಣಾ."

"ನಾ ನೋಡೀನಿ. ಶಿವರಾಜಪ್ಪನೋರು ನೋಡ್ಯಾರ. ನೀ ಇನ್ನಾ ನೋಡಿಲ್ಲ."

ಗಾಡಿಯ ಮುಂದೆ ಹೋಗಿ ನಿಂತೆ. ಬಾಡಿದ ಚೆಂಡು ಹೂಗಳು ಒಂದೊಂದೂ ಜಾಲರಿಗೆ ಅಂಟಿ ಕೂತಿದ್ದವು. ಬೊಬ್ಬೆ ಎದ್ದ ಕೈ ಚಾಚಿದೆ. ಸಂಜೆಯ ತಣ್ಣನೆ ಗಾಳಿ ನನ್ನ ಬೆರಳುಗಳ ಸಂದಿಯಿಂದ ಒಳಕ್ಕೆ ಹೋಗುತ್ತಿತ್ತು. ಅದನ್ನು ನೋಡುತ್ತ ಬಹಳ ಹೊತ್ತು ನಿಂತೆ.

"ನೋಡಿದ್ಯಾ?" ಒಳಗಿನಿಂದ ಅಣ್ಣನ ದನಿ.

"ನೋಡೀನಿ" ಎಂದೆ.

ಅಣ್ಣ ಇಂಜಿನ್ ಬಂದ್ ಮಾಡಿದ.