ಗೋಷ್ಠಿಯ ಹಿಂಬಾಗಿಲು

ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಬೆಂಗಳೂರಿನ ಪೂರ್ವ ಭಾಗದ ಅಗ್ನಿಶಾಮಕ ಠಾಣೆಯೊಂದರಲ್ಲಿ ನಾನು ಠಾಣಾಧಿಕಾರಿ. ಇಂದಿರಾನಗರದ ಹಳೆಯ ಬಂಗಲೆಯೊಂದರ ಮಹಡಿಯನ್ನು ಸಭಾಂಗಣ ಮಾಡಿದ್ದರು. ಅದರ ತಪಾಸಣೆಗೆ ಹೋದ ಮಧ್ಯಾಹ್ನ ಅಲ್ಲಿ ವಿಚಾರಗೋಷ್ಠಿ ನಡೆಯುತ್ತಿತ್ತು. ಸಂಚಾಲಕ ಬಸವರಾಜ್, ಕಾಲೇಜು ಅಧ್ಯಾಪಕ, "ನಮ್ ಮೇಡಂ ಭಾಷಣ ಮುಗೀಲಿ ಸಾರ್, ಆಮೇಲೆ ನೋಡೋರಂತೆ" ಎಂದು ನನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸಿದರು.

ಮೇಡಂ ಎಂದರೆ ಬಸವರಾಜರ ಗುರುಗಳು, ಎಂಬತ್ತು ದಾಟಿದ ಪ್ರಾಧ್ಯಾಪಕಿ, ಅಂದಿನ ಅಧ್ಯಕ್ಷೆ. ಅಧ್ಯಕ್ಷರ ಸರದಿ ಬರುವುದು ಊಟವಾದ ಮೇಲೆ, ಎಲ್ಲರಿಗಿಂತ ಕೊನೆಗೆ. "ಗೋಷ್ಠ ಅಂದ್ರೆ ದನದ ಕೊಟ್ಟಿಗೆ. ಅಲ್ಲಿ ಸೇರಿದವರ ಹರಟೆಯೇ ಗೋಷ್ಠಿ ಆಯ್ತು. ವಿದ್ವಾಂಸರು ಬಂದದ್ದು ಆಮೇಲೆ" ಎಂದರು ಮೇಡಂ. ಸಭೆ ನಕ್ಕಿತು, ನಾನೂ ನಕ್ಕೆ. ಅಷ್ಟರಲ್ಲಿ ಸುಟ್ಟ ವೈರಿನ ವಾಸನೆ ಮೂಗಿಗೆ ಬಡಿಯಿತು.

ಹೊರಗೆ ಬಂದು ನೋಡಿದೆ. ಮೆಟ್ಟಿಲ ಪಕ್ಕ ಯುಪಿಎಸ್ ಬ್ಯಾಟರಿಗಳನ್ನಿಟ್ಟ ಕೋಣೆಯಿಂದ ಕಪ್ಪು ಹೊಗೆ ಎದ್ದು ಇಳಿಯುವ ದಾರಿಯನ್ನೇ ಮುಚ್ಚುತ್ತಿತ್ತು. ಬೆಂಕಿಗಿಂತ ಮೊದಲು ಹೊಗೆಯೇ ಜೀವ ತೆಗೆಯುತ್ತದೆ. ಠಾಣೆಗೆ ಫೋನ್ ಮಾಡುತ್ತಲೇ ಹಿಂಬಾಗಿಲಿಗೆ ಓಡಿದೆ. ಅದಕ್ಕೆ ಬೀಗ ಜಡಿದಿತ್ತು.

"ಕೀ ಎಲ್ರೀ?"

ಬಸವರಾಜ್ ಮುಖ ಬಿಳಿಚಿಕೊಂಡಿತು. "ವಾಚ್‌ಮನ್ ಹತ್ರ ಇದೆ ಸಾರ್, ಊಟಕ್ಕೆ ಹೋಗಿದ್ದಾನೆ. ತಿಂದ್ಬಿಟ್ಟು ಎಲ್ರೂ ಹಿಂದಿನಿಂದ ಜಾರ್ಕೊಳ್ತಾರೆ. ಮೇಡಂ ಮಾತಾಡುವಾಗ ಕುರ್ಚಿ ಖಾಲಿ ಕಾಣ್ಬಾರ್ದು ಅಂತ..."

ನನ್ನ ಮೈ ಉರಿದುಹೋಯಿತು. ಬೈಯಲೂ ಪುರುಸೊತ್ತಿರಲಿಲ್ಲ. ಬೆಂಕಿ ಆರಿಸುವ ಸಿಲಿಂಡರನ್ನು ಗೋಡೆಯಿಂದ ಕಿತ್ತು ಚಿಲಕಕ್ಕೆ ಬಡಿಯತೊಡಗಿದೆ. ಹೊಗೆ ಒಳಗೆ ನುಗ್ಗಿತು. ಜನ ದಡಬಡಿಸಿ ಎದ್ದರು, ಯಾರೋ ಬಿದ್ದರು. ಮೇಡಂ ಮೈಕು ಬಿಡಲಿಲ್ಲ. "ಯಾರನ್ನೂ ತಳ್ಬೇಡಿ. ಹಿಂದಿನ ಸಾಲಿನವರು ಮೊದ್ಲು ಹೋಗಿ. ನಾನು ಇಲ್ಲೇ ಇದ್ದೀನಿ." ಅವರ ದನಿ ಹೊಗೆಯೊಳಗಿಂದ ಬರುತ್ತಲೇ ಇತ್ತು. ಆಮೇಲೆ ಕರೆಂಟು ಹೋಗಿ ಅದೂ ನಿಂತಿತು. ನಾನು ಇನ್ನೂ ಜೋರಾಗಿ ಬಡಿದೆ.

ಕೊನೆಗೂ ಚಿಲಕ ಕಿತ್ತುಬಂತು. ಹೊರಗಿನ ಕಬ್ಬಿಣದ ಮೆಟ್ಟಿಲಿನಿಂದ ಎಲ್ಲರೂ ಇಳಿದರು. ಎಲ್ಲರಿಗಿಂತ ಕೊನೆಗೆ ಬಸವರಾಜ್ ಗುರುಗಳನ್ನು ಬೆನ್ನ ಮೇಲೆ ಹೊತ್ತು ತಂದರು.

ಅಂಗಳದಲ್ಲಿ ಕೆಮ್ಮು ನಿಂತ ಮೇಲೆ ಮೇಡಂಗೆ ಬೀಗದ ವಿಷಯ ತಿಳಿಯಿತು. ಶಿಷ್ಯನನ್ನೇ ನೋಡುತ್ತ ಕೇಳಿದರು: "ಬಾಗಿಲು ತೆಗೆದಿದ್ರೆ ಯಾರೂ ಕೂರ್ತಿರ್ಲಿಲ್ಲ ಅಂತ ನಿಂಗೆ ಮೊದ್ಲೇ ಗೊತ್ತಿತ್ತೇನಪ್ಪಾ?" ಬಸವರಾಜ್ ಅಲ್ಲೇ ಕೂತು ಅತ್ತರು.

ಸರ್ವೀಸಿನಲ್ಲಿ ನಾನು ಇಂಥ ಬೀಗಗಳನ್ನು ಬೇಕಾದಷ್ಟು ಒಡೆದಿದ್ದೇನೆ. ಹಾಕಿದವರಲ್ಲಿ ಕೆಟ್ಟವರು ಕಡಿಮೆ. ಹೆಚ್ಚಿನವರು ಯಾರದೋ ಮನಸ್ಸು ನೋಯಬಾರದೆಂದೇ ಹಾಕಿದ್ದರು.